ಔಷಧಿ ಪೊಟ್ಟಣದ ಕಾಗದ, ಸಾವಿರ ಕೊಕ್ಕರೆ ಮತ್ತು ಆರನೇ ತರಗತಿಯ ಗೆಳೆಯರು

ಆಗಸ್ಟ್ ತಿಂಗಳ ಮೊದಲ ಭಾನುವಾರ ಹತ್ತಿರ ಬಂತು ಅಂದ್ರೆ ಮಕ್ಕಳಿರುವ ಮನೆಗಳಲ್ಲಿ ನೆಲದ ತುಂಬಾ ಬಣ್ಣದ ಕಾಗದದ ಚೂರು, ಗೋಂದು, ಸ್ಕೆಚ್ ಪೆನ್ನು. ಫ್ರೆಂಡ್‌ಶಿಪ್ ಡೇಗೆ ಕಾರ್ಡ್ ಮಾಡಬೇಕಲ್ಲ! ಅದರ ಆಚೀಚೆಯಲ್ಲೇ ಇನ್ನೊಂದು ದಿನ ಬರುತ್ತೆ. ಆಗಸ್ಟ್ 6, ಹಿರೋಶಿಮಾ ದಿನ. 2023ರಲ್ಲಂತೂ ಎರಡೂ ಒಂದೇ ದಿನ ಬಿದ್ದಿದ್ದವು. ನಮ್ಮಲ್ಲೂ ಕೆಲವು ಶಾಲೆಗಳಲ್ಲಿ ಆ ದಿನ ಮಕ್ಕಳ ಕೈಲಿ ಕಾಗದದ ಕೊಕ್ಕರೆ ಮಾಡಿಸುತ್ತಾರೆ, ಜೊತೆಗೆ ಸಡಾಕೊ ಅನ್ನೋ ಹುಡುಗಿಯ ಕಥೆ ಹೇಳುತ್ತಾರೆ. ನೀವೂ ಕೇಳಿರುತ್ತೀರಿ. ಸಾವಿರ ಕೊಕ್ಕರೆ ಮಡಿಚಿದರೆ ಬದುಕುತ್ತೇನೆ ಅಂತ ನಂಬಿದಳು, 644 ಮಡಿಚುವಷ್ಟರಲ್ಲಿ ತೀರಿಕೊಂಡಳು, ಉಳಿದ 356 ಕೊಕ್ಕರೆಗಳನ್ನು ಗೆಳೆಯರು ಮಡಿಚಿ ಸಾವಿರ ಮಾಡಿದರು ಅನ್ನೋ ಕಥೆ.

ಕೇಳಿದರೆ ಕಣ್ಣು ಒದ್ದೆಯಾಗುತ್ತೆ. ಆದರೆ ನಡೆದದ್ದು ಹಾಗಲ್ಲ. ನಡೆದದ್ದರಲ್ಲಿ ಆ ಗೆಳೆಯರ ಪಾತ್ರ ಇನ್ನೂ ದೊಡ್ಡದು, ಸ್ವಲ್ಪ ಮುಜುಗರದ್ದೂ ಹೌದು. ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ಕೊಕ್ಕರೆಯ ವಿಷಯ ಮುಗಿಸಿಬಿಡ್ತೀನಿ. ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯಸ್ಸು ಅಂತ ಜಪಾನಿನಲ್ಲಿ ಮಾತಿದೆ. ಹಾಗಾಗಿ ಮದುವೆಯಿಂದ ಹಿಡಿದು ಕಾಯಿಲೆಯವರ ಮಂಚದವರೆಗೆ ಎಲ್ಲ ಕಡೆ ಕೊಕ್ಕರೆ ಶುಭದ ಗುರುತು. ಸಾವಿರ ಕೊಕ್ಕರೆಯನ್ನು ದಾರಕ್ಕೆ ಪೋಣಿಸಿದ ಗೊಂಚಲಿಗೆ ಅಲ್ಲಿ ಸೆನ್‌ಬಾಜುರು ಅಂತಾರೆ. 1797ರಲ್ಲಿ ಕ್ಯೋಟೋದಲ್ಲಿ ‘ಹಿದೆನ್ ಸೆನ್‌ಬಾಜುರು ಒರಿಕಾತಾ’ ಅನ್ನೋ ಪುಸ್ತಕ ಅಚ್ಚಾಯಿತು. ಒಂದೇ ಹಾಳೆಯಲ್ಲಿ ಅಲ್ಲಲ್ಲಿ ಕತ್ತರಿಸಿ, ರೆಕ್ಕೆಗೆ ರೆಕ್ಕೆ, ಕೊಕ್ಕಿಗೆ ಕೊಕ್ಕು ಅಂಟಿಕೊಂಡೇ ಇರುವಂತೆ ಹಲವು ಕೊಕ್ಕರೆಗಳನ್ನು ಮಡಿಚುವ 49 ಬಗೆಗಳು ಅದರಲ್ಲಿವೆ. ಆಟಕ್ಕಾಗಿ ಕಾಗದ ಮಡಿಚುವುದರ ಬಗ್ಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ ಇದೇ ಅಂತಾರೆ.

ಒಂಟಿ ಕೊಕ್ಕರೆಗೆ ಕತ್ತರಿಯೂ ಬೇಡ, ಅಂಟೂ ಬೇಡ. ಚೌಕದ ಹಾಳೆ ಒಂದಿದ್ದರೆ ಸಾಕು. ಮಡಿಚುವ ಕ್ರಮವನ್ನ ಬಾಯಲ್ಲಿ ಹೇಳಿಕೊಡೋದು ನನ್ನ ಕೈಲಾಗದ ಕೆಲಸ. ನಮ್ಮ ಕಾಗದದ ದೋಣಿಗಿಂತ ಕಷ್ಟ, ಆದರೆ ಹತ್ತು ವರ್ಷದ ಮಗು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತೆ ಅಂತಷ್ಟೇ ಹೇಳಬಲ್ಲೆ.

ಈಗ ಸಡಾಕೊ. ಸಡಾಕೊ ಸಸಾಕಿ ಹುಟ್ಟಿದ್ದು 1943ರ ಜನವರಿಯಲ್ಲಿ. ಅಪ್ಪನದು ಕ್ಷೌರದ ಅಂಗಡಿ. ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ. ಸ್ಫೋಟದ ಜಾಗಕ್ಕೂ ಮನೆಗೂ ಎರಡು ಕಿಲೋಮೀಟರ್ ಕೂಡ ಇರಲಿಲ್ಲ. ಮೈಮೇಲೆ ಗಾಯವಿಲ್ಲದೆ ಉಳಿದಳು. ಆದರೆ ಅಮ್ಮನ ಜೊತೆ ಓಡುವಾಗ, ಬೂದಿ ಬೆರೆತು ಸುರಿದ ಆ ಕಪ್ಪು ಮಳೆಯಲ್ಲಿ ನೆನೆದಳು. ಮುಂದಿನ ಒಂಬತ್ತು ವರ್ಷ ಏನೂ ಆಗಲಿಲ್ಲ. ಏನೂ ಅಂದ್ರೆ ಏನೂ ಇಲ್ಲ. ಆರನೇ ತರಗತಿಗೆ ಬರುವ ಹೊತ್ತಿಗೆ ಅವಳು ರಿಲೇ ಓಟದಲ್ಲಿ ತರಗತಿಯ ತಂಡದ ಭರವಸೆಯ ಓಟಗಾರ್ತಿ.

ಆಮೇಲೆ ಕುತ್ತಿಗೆಯ ಹತ್ತಿರ ಗಂಟುಗಳು ಕಾಣಿಸಿದವು. 1955ರ ಫೆಬ್ರವರಿಯಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ರೆಡ್‌ಕ್ರಾಸ್ ಆಸ್ಪತ್ರೆಗೆ ಸೇರಿಸಿದರು. ಅವಳ ತರಗತಿಯ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ಸರದಿ ಪ್ರಕಾರ ನೋಡೋಕೆ ಹೋಗೋದು ಅಂತ ಮಾತಾಡಿಕೊಂಡರು. ಹೋದರೂ ಕೂಡ. ಆದರೆ ಜಪಾನಿನಲ್ಲಿ ಶಾಲೆ ಶುರುವಾಗೋದು ಏಪ್ರಿಲ್‌ನಲ್ಲಿ. ಎಲ್ಲರೂ ಪ್ರಾಥಮಿಕ ಶಾಲೆ ಮುಗಿಸಿ ಮುಂದಿನ ಶಾಲೆಗೆ ಸೇರಿದರು. ಹೊಸ ಪಾಠ, ಹೊಸ ಜೊತೆಗಾರರು. ಆಸ್ಪತ್ರೆಗೆ ಹೋಗೋದು ಕಡಿಮೆಯಾಗುತ್ತಾ ಬಂತು. ಹನ್ನೆರಡು ವರ್ಷದ ಮಕ್ಕಳು, ಬೈಯೋಕೆ ನನಗೆ ಮನಸ್ಸಿಲ್ಲ.

ಆ ಬೇಸಿಗೆಯಲ್ಲಿ ನಗೋಯಾ ಊರಿನ ಹೈಸ್ಕೂಲ್ ವಿದ್ಯಾರ್ಥಿಗಳು ಆಸ್ಪತ್ರೆಯ ರೋಗಿಗಳಿಗೆ ಅಂತ ಕಾಗದದ ಕೊಕ್ಕರೆಗಳ ಗೊಂಚಲು ಕಳಿಸಿದರು. ಸಡಾಕೊ ಮಡಿಚೋಕೆ ಶುರು ಮಾಡಿದ್ದು ಅದನ್ನು ನೋಡಿ. ಅಂದ್ರೆ ಯಾರೋ ಗುರುತಿಲ್ಲದವರ ಉಡುಗೊರೆಯಿಂದ. ಪಕ್ಕದ ಹಾಸಿಗೆಯ ಹುಡುಗಿಯೂ ಜೊತೆಗೂಡಿದಳು. ಕಾಗದ ಎಲ್ಲಿಂದ? ಆಗ ಪುಡಿ ಔಷಧಿ ಪೊಟ್ಟಣದಲ್ಲಿ ಬರುತ್ತಿತ್ತು. ಪೊಟ್ಟಣ ಬಿಚ್ಚಿದರೆ ಚೊಕ್ಕ ಚೌಕದ ಹಾಳೆ! ಅದು ಸಾಲದಾದಾಗ ಬೇರೆ ರೋಗಿಗಳ ಕೋಣೆಗೆ ಹೋಗಿ, ಅವರಿಗೆ ಬಂದ ಉಡುಗೊರೆಗಳ ಹೊದಿಕೆ ಕಾಗದ ಕೇಳಿ ತರುತ್ತಿದ್ದಳು. ಆಗಸ್ಟ್ ಮುಗಿಯುವ ಮೊದಲೇ ಸಾವಿರ ದಾಟಿತು. ನಿಲ್ಲಿಸಲಿಲ್ಲ. ಆಮೇಲಿನವು ಇನ್ನೂ ಚಿಕ್ಕವು, ಎಷ್ಟು ಚಿಕ್ಕವು ಅಂದ್ರೆ ಬೆರಳು ಸಾಲದೆ ಸೂಜಿಯ ಮೊನೆಯಿಂದ ಮಡಿಕೆ ಕೂರಿಸುತ್ತಿದ್ದಳು.

ಹಾಗಾದರೆ ಆ 644? ಅದು ಎಲಿನೋರ್ ಕೋರ್ ಅನ್ನೋ ಲೇಖಕಿ 1977ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದ್ದು. ಜಗತ್ತಿನ ಶಾಲೆಗಳಿಗೆಲ್ಲ ಹರಡಿದ ಕಥೆ ಅದೇ. ಸಾವಿರ ಆಗಲಿಲ್ಲ, ಅದಕ್ಕೇ ಹೋದಳು ಅನ್ನೋದು ಕಥೆಗೆ ಚೆನ್ನಾಗಿ ಹೊಂದುತ್ತೆ. ಸಾವಿರ ಆಗಿಯೂ ಹೋದಳು ಅನ್ನೋದನ್ನ ಮಕ್ಕಳಿಗೆ ಹೇಳೋಕೆ ದೊಡ್ಡವರಿಗೆ ಧೈರ್ಯ ಬೇಕು. ಹಿರೋಶಿಮಾದ ಮ್ಯೂಸಿಯಂ ಮತ್ತು ಸಡಾಕೊಳ ಅಣ್ಣ ಮಸಾಹಿರೊ ಸಸಾಕಿ ಇಬ್ಬರೂ ಹೇಳೋದು ಒಂದೇ, ಅವಳು ಮಡಿಚಿದ್ದು ಸಾವಿರಕ್ಕೂ ಹೆಚ್ಚು.

1955ರ ಅಕ್ಟೋಬರ್ 25ರ ಬೆಳಗ್ಗೆ ಸಡಾಕೊ ತೀರಿಕೊಂಡಳು. ಏನಾದ್ರೂ ತಿನ್ನಮ್ಮ ಅಂತ ಮನೆಯವರು ಒತ್ತಾಯ ಮಾಡಿದಾಗ ಅವಳು ಕೇಳಿದ್ದು ಚಹಾ ಸುರಿದ ಅನ್ನ. ನಮ್ಮಲ್ಲಿ ಜ್ವರ ಬಂದವರು ಗಂಜಿ ಕೇಳ್ತಾರಲ್ಲ, ಅಂಥ ಊಟ. ಒಂದೆರಡು ತುತ್ತು ತಿಂದು, ರುಚಿಯಾಗಿದೆ ಅಂದಳಂತೆ. ಕೊಕ್ಕರೆಗಳಲ್ಲಿ ಕೆಲವನ್ನು ಅವಳ ಜೊತೆಗೇ ಪೆಟ್ಟಿಗೆಯಲ್ಲಿಟ್ಟರು, ಕೆಲವನ್ನು ತರಗತಿಯ ಗೆಳೆಯರಿಗೆ ನೆನಪಿಗೆಂದು ಹಂಚಿದರು.

ನೋಡಿ, ಕೊಕ್ಕರೆ ಕೈಗೆ ಬಂದಾಗ ಆ ಮಕ್ಕಳಿಗೆ ಹೇಗಾಗಿರಬೇಕು! ನಾವು ಹೋಗುತ್ತೇವೆ ಅಂದಿದ್ದೆವು, ಹೋಗಲಿಲ್ಲ. ನಾವು ಬಾರದ ದಿನಗಳಲ್ಲಿ ಅವಳು ಇದನ್ನು ಮಡಿಚುತ್ತಾ ಕೂತಿದ್ದಳು. ಅವಳಿಗಾಗಿ ಏನಾದರೂ ಮಾಡಲೇಬೇಕು ಅಂತ ಹೊರಟ ಆ ಮಕ್ಕಳಿಗೆ, ಬಾಂಬ್ ಸಂತ್ರಸ್ತರ ನಡುವೆ ಕೆಲಸ ಮಾಡುತ್ತಿದ್ದ ಇಚಿರೊ ಕವಾಮೊಟೊ ಒಂದು ದಾರಿ ತೋರಿಸಿದರು. ಬರೀ ಸಡಾಕೊಗಲ್ಲ, ಬಾಂಬಿಗೆ ಬಲಿಯಾದ ಎಲ್ಲ ಮಕ್ಕಳಿಗೂ ಒಂದು ಸ್ಮಾರಕ ಕಟ್ಟೋಣ ಅಂತ. ನವೆಂಬರ್‌ನಲ್ಲಿ ಹಿರೋಶಿಮಾದಲ್ಲಿ ಇಡೀ ದೇಶದ ಶಾಲೆಗಳ ಮುಖ್ಯೋಪಾಧ್ಯಾಯರ ಸಮ್ಮೇಳನ ಇತ್ತು. ಮಕ್ಕಳು ಅಲ್ಲಿಗೆ ಹೋಗಿ ಕರಪತ್ರ ಹಂಚಿದರು. ಹಣ ಬರತೊಡಗಿತು. ಜಪಾನಿನ 3,000ಕ್ಕೂ ಹೆಚ್ಚು ಶಾಲೆಗಳಿಂದ, ಹೊರಗಿನ ಒಂಬತ್ತು ದೇಶಗಳಿಂದ.

1958ರ ಮೇ 5, ಅಲ್ಲಿನ ಮಕ್ಕಳ ದಿನ, ಸ್ಮಾರಕದ ಪರದೆ ಸರಿಯಿತು. ಒಂಬತ್ತು ಮೀಟರ್ ಎತ್ತರ, ತುದಿಯಲ್ಲಿ ಕೊಕ್ಕರೆ ಎತ್ತಿ ಹಿಡಿದ ಕಂಚಿನ ಹುಡುಗಿ. ಶಿಲ್ಪಿ ಕಜುವೊ ಕಿಕುಚಿ. ಒಳಗಿನ ಗಂಟೆ ಕೊಟ್ಟವರು ನೊಬೆಲ್ ಪಡೆದ ಭೌತವಿಜ್ಞಾನಿ ಹಿದೇಕಿ ಯುಕಾವಾ. ಈಗ ಅಲ್ಲಿಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಕಾಗದದ ಕೊಕ್ಕರೆ ಬರುತ್ತವೆ, ತೂಕ ಹತ್ತು ಟನ್! ಎಲ್ಲಿಡೋದು ಅನ್ನೋದೇ ನಗರಪಾಲಿಕೆಗೆ ತಲೆನೋವು. 2003ರಲ್ಲಿ ಒಬ್ಬ ಕಾಲೇಜು ಹುಡುಗ ಬೆಂಕಿ ಹಚ್ಚಿ ಸುಮಾರು 1,40,000 ಕೊಕ್ಕರೆ ಸುಟ್ಟ. ಸುದ್ದಿ ತಿಳಿದು ದೇಶದ ನಾನಾ ಕಡೆಯಿಂದ ಮತ್ತೆ ಗೊಂಚಲು ಗೊಂಚಲಾಗಿ ಬಂದವು.

ಆ ಪುಸ್ತಕವನ್ನ ಈಗಷ್ಟೇ ಸ್ವಲ್ಪ ಕುಟುಕಿದೆ ನಾನು. ಅದರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಬಾಂಬ್ ಹಾಕಲು ಆದೇಶ ಕೊಟ್ಟ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮೊಮ್ಮಗ ಕ್ಲಿಫ್ಟನ್ ಟ್ರೂಮನ್ ಡೇನಿಯಲ್. ಅವರ ಪುಟ್ಟ ಮಗ ಒಂದು ದಿನ ಶಾಲೆಯಿಂದ ಅದೇ ಪುಸ್ತಕ ಮನೆಗೆ ತಂದ. ಅಪ್ಪ ಮಗ ಕೂತು ಓದಿದರು. ಕೆಲವು ವರ್ಷಗಳ ಮೇಲೆ ಸಡಾಕೊಳ ಅಣ್ಣ ಮಸಾಹಿರೊ ಅವರಿಗೆ ಇದು ತಿಳಿದು, ಫೋನ್ ಮಾಡಿದರು. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರೂ ಭೇಟಿಯಾದರು. ಮಸಾಹಿರೊ ಒಂದು ಪುಟ್ಟ ಡಬ್ಬಿ ತೆಗೆದು, ತಂಗಿ ಕೊನೆಯ ದಿನಗಳಲ್ಲಿ ಮಡಿಚಿದ ಉಗುರಿನಷ್ಟು ದೊಡ್ಡ ಕೊಕ್ಕರೆಯನ್ನ ಅವರ ಅಂಗೈ ಮೇಲಿಟ್ಟರು. ಎರಡು ವರ್ಷದ ನಂತರ ಡೇನಿಯಲ್ ಹಿರೋಶಿಮಾಕ್ಕೆ ಹೋದರು. 2015ರಲ್ಲಿ ಸಡಾಕೊಳ ಇನ್ನೊಂದು ಕೊಕ್ಕರೆ ಅಮೆರಿಕದ ಮಿಸ್ಸೌರಿಯಲ್ಲಿರುವ ಟ್ರೂಮನ್ ಗ್ರಂಥಾಲಯ ಸೇರಿತು.