ಮಂಗನ ಕಾಯಿಲೆಯೂ ಆರೋಗ್ಯ ಇಲಾಖೆಯ ಕಾಲಾಳುಗಳೂ

ಮಾಗಿಯ ಚಳಿ ಮೊದಲಾಗುವ ಹೊತ್ತಿಗೆ ಮಲೆನಾಡಿನ ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯ ಒಂದು ಪ್ರಕಟಣೆ ಹೊರಡುವುದುಂಟು. ಕಾಡಿನಲ್ಲಿ ಮಂಗ ಸತ್ತು ಬಿದ್ದುದು ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕೂಡಲೆ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಇಷ್ಟೇ ಅದರ ಸಾರ. ಪಟ್ಟಣದ ಮನೆಯಲ್ಲಿ ಕುಳಿತು ಇದನ್ನು ಕೇಳುವ ನಮಗೆ, ಇದೆಲ್ಲ ಕಾಡಿನ ಅಂಚಿನವರ ಪಾಡು ಎನಿಸುವುದು ಸಹಜ. ಮುಂದಿನ ಕಾರ್ಯಕ್ರಮಕ್ಕೆ ಕಿವಿಗೊಟ್ಟು ಸುಮ್ಮನಾಗುತ್ತೇವೆ.

ಆದರೆ, ವಾಚಕರೆ, ಈ ನಾಲ್ಕು ಮಾತಿನ ಪ್ರಕಟಣೆಯ ಹಿಂದೆ ಅರುವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನೊಂದವರು ಬಹುಮಟ್ಟಿಗೆ ಹಳ್ಳಿಯ ರೈತರು, ಕೂಲಿಯವರು, ಸೌದೆಗೂ ದರಗಿಗೂ ಕಾಡು ಹೊಗುವ ಹೆಂಗಸರು. ಅವರ ಸಂಗಡ ನೊಂದವರು ಇನ್ನೊಂದು ವರ್ಗದವರೂ ಉಂಟು. ಕಾಯಿಲೆಯನ್ನು ಹುಡುಕಿಕೊಂಡು ಹೋದ ಆರೋಗ್ಯ ಸಿಬ್ಬಂದಿಯವರು, ಅರಣ್ಯದ ಕಾವಲುಗಾರರು, ಪ್ರಯೋಗಾಲಯದ ಸಹಾಯಕರು. ಇವರ ವಿಷಯವನ್ನು ನಾವು ಕೇಳುವುದು ಕಡಮೆ. ಅದನ್ನೇ ಈಗ ತಮ್ಮ ಮುಂದಿಡಬೇಕೆಂದು ನನ್ನ ಅಪೇಕ್ಷೆ.

ಕಥೆ ಆರಂಭವಾಗುವುದು ೧೯೫೭ರ ಮೊದಲ ತಿಂಗಳುಗಳಲ್ಲಿ. ವಿಶಾಲ ಮೈಸೂರು ರಾಜ್ಯ ಉದಯವಾದದ್ದು ೧೯೫೬ರ ನವೆಂಬರ್ ೧ರಂದು. ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡಿನ ಸುತ್ತಣ ಹಳ್ಳಿಗಳಿಗೆ ಒಂದು ಬಗೆಯ ಉಗ್ರವಾದ ಜ್ವರ ಬಂದಿತು. ಇದ್ದಕ್ಕಿದ್ದಂತೆ ಮೈ ಕಾದು, ತಲೆ ಸಿಡಿದು, ಸೊಂಟವೂ ಮೀನಖಂಡಗಳೂ ಸೆಳೆಯತೊಡಗುತ್ತಿದ್ದುವು. ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ ಸುರಿಯುತ್ತಿತ್ತು. ಮೊದಮೊದಲು ಇದು ವಿಷಮಶೀತಜ್ವರದ ಜಾತಿಯದೇ ಇರಬೇಕೆಂದು ಊಹಿಸಿದರು. ಆದರೆ ಅದೇ ಸಮಯದಲ್ಲಿ ಕಾಡಿನಲ್ಲಿ ಮುಸುವಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದುದು ಹಳ್ಳಿಯವರ ಕಣ್ಣಿಗೆ ಬಿದ್ದಿತ್ತು. ಮಂಗ ಸತ್ತ ಕಡೆ ಜ್ವರ ಬರುತ್ತದೆಂಬ ಮಾತು ಅವರ ಬಾಯಲ್ಲಿತ್ತು. ಅವರಿಟ್ಟ ಹೆಸರು ಮಂಗನ ಕಾಯಿಲೆ. ಶಾಸ್ತ್ರಜ್ಞರು ಆಮೇಲೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆದರೂ ಹಳ್ಳಿಯ ಹೆಸರೇ ಇಂದಿಗೂ ಉಳಿದಿದೆ.

ಮಂಗ ಸತ್ತಿತೆಂಬ ಮಾತನ್ನು ತಳ್ಳಿಹಾಕದೆ ಮೇಲಕ್ಕೆ ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯುವುದು ಹಳದಿ ಜ್ವರದ ಮುನ್ಸೂಚನೆಯೆಂದು ವೈದ್ಯಲೋಕಕ್ಕೆ ಗೊತ್ತಿತ್ತು. ಏಷ್ಯಾ ಖಂಡದಲ್ಲಿ ಹಳದಿ ಜ್ವರ ಅದುವರೆಗೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯಾದರೋ ನಮ್ಮ ಪಟ್ಟಣಗಳ ತೊಟ್ಟಿ ಹಂಡೆಗಳಲ್ಲಿ ಬೇಕಾದಷ್ಟಿತ್ತು. ಹಾಗೇನಾದರೂ ಆಗಿದ್ದಲ್ಲಿ ಅದು ಸೊರಬದ ಪಾಡು ಮಾತ್ರ ಆಗುತ್ತಿರಲಿಲ್ಲ. ಬೆಂಗಳೂರು, ಮುಂಬಯಿ, ಮದರಾಸುಗಳೂ ಬೆದರಬೇಕಾಗಿತ್ತು. ಆದುದರಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ತಡಮಾಡದೆ ಶಿವಮೊಗ್ಗದ ಕಡೆ ಹೊರಟರು. ಈ ಕೇಂದ್ರ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ೧೯೫೨ರಲ್ಲಿ ಸ್ಥಾಪಿಸಿದ್ದು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದ ವಿದ್ವಾಂಸರು ಆಗ ಅಲ್ಲಿದ್ದರು.

೧೯೫೭ರ ಮಾರ್ಚ್ ತಿಂಗಳಲ್ಲಿಯೇ ಕಾಡಿನ ಮಂಗವೊಂದರಿಂದ ಅವರಿಗೆ ವೈರಸ್ ದೊರಕಿತು. ಎಳೆಯ ಇಲಿಮರಿಗಳಿಗೆ ಅದನ್ನು ಚುಚ್ಚಿ ಪರೀಕ್ಷಿಸಿದಾಗ ಹಳದಿ ಜ್ವರವಲ್ಲವೆಂಬುದು ಸ್ಪಷ್ಟವಾಯಿತು. ರಷ್ಯದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಇದು ದಾಯಾದಿ. ಆದರೆ ಲೋಕಕ್ಕೆ ಹೊಸದು. ಆ ಒಂದು ವರ್ಷದಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು ೪೬೬, ಮರುವರ್ಷ ೧೮೧.

ಇನ್ನು ಈ ಕಾಯಿಲೆ ಹರಡುವ ಬಗೆಯನ್ನು ತಾವು ಸ್ವಲ್ಪ ತಿಳಿಯಬೇಕು. ಏಕೆಂದರೆ ಸಿಬ್ಬಂದಿಯವರ ಅಪಾಯವೆಲ್ಲ ಅಲ್ಲಿಯೇ ಇದೆ. ಕಾಡಿನ ಉಣ್ಣಿಗೆ ಮೂರು ಅವಸ್ಥೆ. ಮಳೆಗಾಲ ಕಳೆದ ಮೇಲೆ ಮೊಟ್ಟೆಯೊಡೆದು ಬರುವ ಮರಿಗಳು ಇಲಿ, ಹಕ್ಕಿ, ಮಂಗ ಮುಂತಾದವುಗಳ ರಕ್ತ ಹೀರುತ್ತವೆ. ಪೊರೆ ಕಳಚಿ ಎರಡನೆಯ ಅವಸ್ಥೆಗೆ ಬಂದ, ಎಳ್ಳುಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಉಣ್ಣಿಗಳು ಡಿಸೆಂಬರಿನಿಂದ ಮೇ ವರೆಗೆ ಕಾಡಿನ ನೆಲದ ಎಲೆಗಳಲ್ಲಿ ತುಂಬಿರುತ್ತವೆ. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಮುಖ್ಯವಾಗಿ ಇವೇ. ಬೆಳೆದ ಉಣ್ಣಿಗಳು ದನಕರುಗಳನ್ನೂ ದೊಡ್ಡ ಪ್ರಾಣಿಗಳನ್ನೂ ಹಿಡಿಯುತ್ತವೆ. ವೈರಸ್ ತಗುಲಿದ ಮಂಗಕ್ಕೆ ಜ್ವರ ಬಂದು ಅದು ಮರದಿಂದ ಬಿದ್ದು ಸತ್ತರೆ, ಅದರ ಮೈಮೇಲಿದ್ದ ನೂರಾರು ಉಣ್ಣಿಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಕಾಡಿನಲ್ಲಿ ಅದಕ್ಕಿಂತ ಅಪಾಯದ ಜಾಗ ಬೇರೊಂದಿಲ್ಲ. ಆದರೆ ಸತ್ತ ಮಂಗದ ಬಳಿಗೆ ಯಾರಾದರೂ ಹೋಗಲೇಬೇಕಲ್ಲ! ಸುತ್ತಲೂ ಔಷಧದ ಪುಡಿ ಚೆಲ್ಲಬೇಕು; ಮಂಗವನ್ನು ಸೀಳಿ ಅಂಗಾಂಶ ತೆಗೆದು ಪರೀಕ್ಷೆಗೆ ಕಳಿಸಬೇಕು; ಉಳಿದದ್ದನ್ನು ಸುಡಬೇಕು. ಹಳ್ಳಿಯವನಿಗೆ ಹೋಗಬೇಡ ಎಂದು ಸಾರಿದ ಜಾಗಕ್ಕೆ ಸಿಬ್ಬಂದಿಯವನು ಹೋಗುತ್ತಾನೆ. ಅವನ ಉದ್ಯೋಗವೇ ಅದು.

ಸಾಗರದಲ್ಲಿ ಪುಣೆಯ ಕೇಂದ್ರದವರು ಒಂದು ಕ್ಷೇತ್ರಕೇಂದ್ರ ತೆರೆದರು. ಹೋರ್ಹೆ ಬೋಶೆಲ್ ಎಂಬ ಕೊಲಂಬಿಯ ದೇಶದ ವಿದ್ವಾಂಸರೂ, ನಮ್ಮವರೇ ಆದ ಕೀಟಶಾಸ್ತ್ರಜ್ಞ ಪಿ. ಕೆ. ರಾಜಗೋಪಾಲನ್ ಅವರೂ ಅಲ್ಲಿಂದ ಕಾಡು ಸುತ್ತಿ ದುಡಿದವರಲ್ಲಿ ಸೇರಿದ್ದಾರೆ. ಇಂತಹವರ ಹೆಸರು ಪ್ರಬಂಧಗಳಲ್ಲಿ ಉಳಿದಿದೆ. ಅವರ ಜೊತೆಯಲ್ಲಿ ದಾರಿ ಕಡಿದವರು, ನೆಲದ ಮೇಲೆ ಬಟ್ಟೆ ಎಳೆದು ಉಣ್ಣಿಗಳನ್ನು ಒಂದೊಂದಾಗಿ ಹೆಕ್ಕಿ ಸೀಸೆಗೆ ತುಂಬಿದವರು, ಮಂಗಗಳ ಲೆಕ್ಕ ಬರೆದವರು, ಇವರ ಹೆಸರುಗಳು ಉಳಿದಿಲ್ಲ. ಉಣ್ಣಿ ಹೆಕ್ಕುವ ವಿಧಾನವೆಂದರೆ ಬಟ್ಟೆಯನ್ನು ಎಲೆಗಳ ಮೇಲೆ ಹಾಸಿ ಎಳೆಯುವುದು. ರಕ್ತಕ್ಕೆ ಕಾದು ಕುಳಿತ ಉಣ್ಣಿ ಅದನ್ನು ಪ್ರಾಣಿಯೆಂದೇ ತಿಳಿದು ಹತ್ತುತ್ತದೆ. ಎಳೆಯುವವನ ಕಾಲಿಗೂ ಹತ್ತಬಾರದೆಂದು ಉಣ್ಣಿಗೆ ಯಾರು ಹೇಳಬೇಕು?

ಪ್ರಯೋಗಾಲಯದೊಳಗಿನವರಾದರೂ ಸುರಕ್ಷಿತರೆ ಎಂದರೆ, ಅದೂ ಇಲ್ಲ. ಉಣ್ಣಿ ಕಚ್ಚದೆಯೂ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದಲೇ ವೈರಸ್ ಶ್ವಾಸಕೋಶ ಸೇರಬಲ್ಲದು. ಸ್ವದೇಶ ವಿದೇಶಗಳ ಪ್ರಯೋಗಾಲಯಗಳಲ್ಲಿ ಈ ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದವರಿಗೆ ಕಾಯಿಲೆ ತಗುಲಿದ ಪ್ರಸಂಗಗಳನ್ನು ೧೯೭೦ರ ದಶಕದಲ್ಲಿ ಎಣಿಸಿದಾಗ ಅವು ನೂರನ್ನು ಮೀರಿದ್ದುವು. ಈ ವೈರಸ್ಸನ್ನು ಅತ್ಯಂತ ಕಟ್ಟುನಿಟ್ಟಿನ ಪ್ರಯೋಗಾಲಯದಲ್ಲಿಯೇ ಇಡಬೇಕೆಂಬ ನಿಯಮದ ಹಿಂದೆ ಈ ಅನುಭವವಿದೆ. ಪುಣೆಯ ಕೇಂದ್ರ ೧೯೭೮ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ನಾಲ್ಕನೆಯ, ಎಂದರೆ ಅತ್ಯುನ್ನತ ದರ್ಜೆಯ ರಕ್ಷಣೆಯುಳ್ಳ ಪ್ರಯೋಗಾಲಯ ಅಲ್ಲಿ ಸಿದ್ಧವಾದದ್ದು ೨೦೧೨ರಲ್ಲಿ. ಕ್ಯಾಸನೂರಿನ ಮೊದಲ ಮಂಗದಿಂದ ಅಲ್ಲಿಗೆ ಐವತ್ತೈದು ವರ್ಷ!

ಒಂದು ಸಮಾಧಾನದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ರೋಗಿಯ ಶುಶ್ರೂಷೆ ಮಾಡುವ ದಾದಿಯೂ ಮನೆಯವರೂ ಅವನಿಗೆ ಹೆದರಿ ದೂರ ನಿಲ್ಲಬೇಕಾದ್ದಿಲ್ಲ. ಇದಕ್ಕೆಂದೇ ಔಷಧವಿಲ್ಲದಿದ್ದರೂ, ಬೇಗ ಆಸ್ಪತ್ರೆಗೆ ಸೇರಿ ದ್ರವಾಹಾರವೂ ವಿಶ್ರಾಂತಿಯೂ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ. ನೂರಕ್ಕೆ ಮೂರು ಮೊದಲ್ಗೊಂಡು ಐದು ಮಂದಿಯವರೆಗೆ ಸಾಯುತ್ತಾರೆಂದು ಸಾಮಾನ್ಯವಾದ ಅಂದಾಜು.

ಸಿಬ್ಬಂದಿಯನ್ನೂ ಹಳ್ಳಿಯವರನ್ನೂ ಕಾಪಾಡಲು ಮೊದಲ ಪ್ರಯತ್ನ ೧೯೫೦ರ ದಶಕದ ಕೊನೆಯಲ್ಲಿಯೇ ನಡೆಯಿತು. ರಷ್ಯದ ಮಿದುಳುಜ್ವರದ ಲಸಿಕೆ ದಾಯಾದಿ ರೋಗಕ್ಕೂ ಆಗಿಬರಬಹುದೆಂದು ಅದನ್ನು ಚುಚ್ಚಿ ನೋಡಿದರು, ಫಲ ಸಿಗಲಿಲ್ಲ. ಅನಂತರ ಈ ರೋಗಕ್ಕೆಂದೇ ಬೇರೆ ಲಸಿಕೆ ತಯಾರಾಯಿತು. ಅದು ಮಲೆನಾಡಿನಲ್ಲಿ ಬಳಕೆಗೆ ಬಂದದ್ದು ೧೯೯೦ರಿಂದ ಈಚೆಗೆ. ಆ ನಡುವೆ ಕಾಯಿಲೆ ತನ್ನ ಮೊದಲ ಎಲ್ಲೆಯನ್ನು ದಾಟಿತ್ತು. ೧೯೮೨-೮೩ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕೆಂದು ಕಾಡು ಕಡಿದ ಬಳಿಕ ಸಾವಿರಕ್ಕೂ ಮಿಕ್ಕಿ ಜನ ಮಲಗಿ, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸುತ್ತ ಹೋದಂತೆ ಉಣ್ಣಿಯೂ ಮನುಷ್ಯನೂ ಹತ್ತಿರವಾಗುತ್ತಾರೆಂದು ಬೋಶೆಲ್ ೧೯೬೯ರಲ್ಲಿಯೇ ಬರೆದಿದ್ದರು.

ಲಸಿಕೆಯ ಕಥೆಯೂ ಸುಖಾಂತವಲ್ಲ. ಅದನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಕೆಲವು ತಿಂಗಳಿಗೆ ಮತ್ತೊಂದು ಸಲ, ಮುಂದೆ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಾಗಿತ್ತು. ಚುಚ್ಚಿದ ತೋಳು ಬಹಳ ನೋಯುತ್ತಿತ್ತು. ಎರಡು ಸಲ ಪಡೆದವರಲ್ಲಿ ನೂರಕ್ಕೆ ಸುಮಾರು ಅರುವತ್ತರಷ್ಟು, ಮುಂದಿನದನ್ನೂ ಪಡೆದವರಲ್ಲಿ ಸುಮಾರು ಎಂಬತ್ತರಷ್ಟು ರಕ್ಷಣೆ ಸಿಗುತ್ತದೆಂದು ೨೦೦೫ರಿಂದ ೨೦೧೦ರ ವರೆಗಿನ ಲೆಕ್ಕಗಳಿಂದ ತಿಳಿದುಬಂತು. ಕೂಲಿ ತಪ್ಪಿಸಿಕೊಂಡು, ತೋಳು ನೋಯಿಸಿಕೊಂಡು ಇಷ್ಟು ಸಲ ಬರುವವರು ಎಷ್ಟು ಮಂದಿ? ಮನೆ ಮನೆಗೆ ಹೋಗಿ ಅವರನ್ನು ಒಪ್ಪಿಸುವ ಹೊಣೆ ಕಿರಿಯ ಆರೋಗ್ಯ ಸಹಾಯಕಿಯರದಾಯಿತು. ಮುಂದೆ ಆಶಾ ಕಾರ್ಯಕರ್ತೆಯರದೂ ಆಯಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಕಾಯಿಲೆ ಮರಳಿ ಕೆರಳಿ ಹಲವರು ಪ್ರಾಣ ಕಳೆದುಕೊಂಡರು. ಕೊನೆಗೆ ಲಸಿಕೆಯ ಕಸುವು ಸಾಲದೆಂದು ೨೦೨೨ರಲ್ಲಿ ಅದರ ಬಳಕೆಯೇ ನಿಂತುಹೋಯಿತು. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ೨೦೨೪ರ ಋತುವಿನಲ್ಲಿಯೂ ಮಲೆನಾಡಿನಲ್ಲಿ ಈ ಕಾಯಿಲೆಯಿಂದ ಸಾವುಗಳಾದುವು.

೨೦೧೨ರ ಕೊನೆಯಲ್ಲಿ ನಡೆದ ಒಂದು ಸಂಗತಿಯನ್ನು ನಾನು ಬೇಕೆಂದೇ ಇಲ್ಲಿಯವರೆಗೆ ಹೇಳದೆ ಉಳಿಸಿಕೊಂಡೆ. ಮಲೆನಾಡಿನಿಂದ ಬಹುದೂರದ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಅಡವಿಯಲ್ಲಿ ಮಂಗಗಳು ಸತ್ತುವು. ಅವುಗಳನ್ನು ಮುಟ್ಟಿದ, ಸುಟ್ಟ ಅರಣ್ಯದ ಕೆಲಸಗಾರರು ಕೆಲವರಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದು ಹೊರಬಿದ್ದಿತು. ಆ ಸೀಮೆಗೆ ಕಾಯಿಲೆ ಬಂದಿದೆಯೆಂದು ರಾಜ್ಯಕ್ಕೆ ಗೊತ್ತಾದದ್ದೇ ಹೀಗೆ. ಮರುವರ್ಷ ನೆರೆಯ ವಯನಾಡಿನಲ್ಲಿಯೂ ಅದು ಕಾಣಿಸಿಕೊಂಡಿತು. ಅಪಾಯದ ಸುದ್ದಿಯನ್ನು ಈ ಕೆಲಸಗಾರರು ಕಾಗದದಲ್ಲಿ ಬರೆದು ಕಳಿಸಲಿಲ್ಲ, ತಮ್ಮ ರಕ್ತದಲ್ಲಿಯೇ ಹೊತ್ತು ತಂದರು. ಮೈಗಾವಲಿಲ್ಲದೆ ಸಿಬ್ಬಂದಿಯನ್ನು ಕಾಡಿಗೆ ಕಳಿಸಿದರೆ, ಕಾಯಿಲೆಯನ್ನು ಪತ್ತೆಹಚ್ಚುವ ಸಾಧನವಾಗಿ ನಾವು ಬಳಸುತ್ತಿರುವುದು ಮನುಷ್ಯರ ದೇಹವನ್ನೇ ಎಂದಾಗುವುದಿಲ್ಲವೆ?

ಹಾಗಾದರೆ ಬೇಕಾದ್ದೇನು? ದುಬಾರಿಯಾದ ಸಲಕರಣೆಗಳೇನೂ ಅಲ್ಲ. ತೋಳುದ್ದದ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಷರಾಯಿ, ಮೊಣಕಾಲಿನವರೆಗಿನ ಬೂಟು, ಮಂಗವನ್ನು ಸೀಳುವವರಿಗೆ ಕೈಗವುಸು, ಮುಖಗವುಸು. ಮೈಗೆ ಹಚ್ಚಲು ಹಿಂದೆ ಡಿ.ಎಂ.ಪಿ. ಎಣ್ಣೆ ಕೊಡುತ್ತಿದ್ದರು. ಈಚೆಗೆ ರಕ್ಷಣಾ ಸಂಶೋಧಕರು ರೂಪಿಸಿದ ಡೆಪಾ ಎಂಬ ಎಣ್ಣೆಯನ್ನು ಹಂಚುತ್ತಾರೆ. ಇದು ಚಳಿಗಾಲ ಬರುವ ಮುಂಚೆಯೇ ಹಳ್ಳಿ ಮುಟ್ಟಬೇಕು. ಮಾರ್ಚಿಯಲ್ಲಿ ಬಂದ ಸೀಸೆ ಯಾರಿಗೆ ಬೇಕು? ಕಾಡಿನಿಂದ ಮರಳಿದವನ ಜ್ವರವನ್ನು ಎರಡು ವಾರ ಗಮನಿಸಿ, ಮೈ ಬಿಸಿಯಾದ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು. ಮಲಗಿದ ದಿನಗಳ ಸಂಬಳವನ್ನು ಹಿಡಿಯಬಾರದು. ಆಶಾ ಕಾರ್ಯಕರ್ತೆಯಂತೂ ಗೌರವಧನಕ್ಕೆ ದುಡಿಯುವವಳು. ಸಂಬಳದ ನೌಕರಳೇ ಅಲ್ಲ. ಎಣ್ಣೆಯ ಸೀಸೆ ಹೊತ್ತು ಕಾಡಂಚಿನ ಒಂಟಿಮನೆಗಳಿಗೆ ಆಕೆ ನಡೆಯುವ ದಾರಿಯಲ್ಲಿಯೂ ಉಣ್ಣಿಯಿದೆ ಎಂಬುದನ್ನು ಮರೆಯಬಾರದು.

ಪಟ್ಟಣದವರಾದ ತಾವು ಮಾಡಬಹುದಾದ್ದೂ ಇಲ್ಲದಿಲ್ಲ. ಚಳಿಗಾಲ ಬೇಸಗೆಗಳಲ್ಲಿ ಜೋಗಕ್ಕೋ ಕೊಡಚಾದ್ರಿಗೋ ಹೊರಟಾಗ ಆರೋಗ್ಯ ಇಲಾಖೆಯವರು ಯಾವ ಕಾಡಿಗೆ ಹೋಗಬೇಡವೆಂದಿದ್ದಾರೋ ವಿಚಾರಿಸಿರಿ. ಅಂಥ ಪ್ರವಾಸದಿಂದ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ತಪ್ಪದೆ ತಿಳಿಸಿರಿ. ಪಟ್ಟಣದ ವೈದ್ಯರು ತಾವಾಗಿ ಅದನ್ನು ಊಹಿಸುವುದು ಕಷ್ಟ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಚಿತ್ರ ತೆಗೆಯುವ ಆಸೆಯನ್ನು ಬಿಟ್ಟು, ಜಾಗದ ಗುರುತನ್ನು ಮಾತ್ರ ಆರೋಗ್ಯ ಕೇಂದ್ರಕ್ಕೆ ಕೊಡಿರಿ. ನಿಮ್ಮ ಶಾಸಕರೂ ಪತ್ರಿಕೆಗಳೂ ಮಂಗನ ಕಾಯಿಲೆಯ ಮಾತೆತ್ತಿದಾಗ ಎಷ್ಟು ರೋಗಿಗಳು, ಎಷ್ಟು ಸಾವು ಎಂದು ಕೇಳುವುದರ ಜೊತೆಗೆ, ಸಿಬ್ಬಂದಿಗೆ ಬೂಟು ಬಂದಿತೆ, ಎಣ್ಣೆ ಬಂದಿತೆ ಎಂದೂ ಕೇಳಿರಿ.

೧೯೫೭ರಲ್ಲಿ ಸೊರಬದ ಹಳ್ಳಿಯವರು ಕಂಡದ್ದನ್ನು ಕಂಡಂತೆ ಹೇಳಿದರು, ತಾಲ್ಲೂಕಿನವರು ಅದನ್ನು ಕೇಳಿ ಮೇಲಕ್ಕೆ ತಿಳಿಸಿದರು, ಪುಣೆಯವರು ಬಂದರು. ಆ ಸರಪಣಿಯ ಒಂದು ಕೊಂಡಿ ಕಳಚಿದ್ದರೂ ಹೊಸ ಕಾಯಿಲೆಯೊಂದು ಎಷ್ಟು ಕಾಲ ಹೆಸರಿಲ್ಲದೆ ಕೊಲ್ಲುತ್ತಿತ್ತೋ ಹೇಳಲಾಗದು. ಈ ಸಲ ಮಾಗಿಯಲ್ಲಿ ಆರೋಗ್ಯ ಇಲಾಖೆಯ ಆ ಪ್ರಕಟಣೆ ಕೇಳಿಬಂದಾಗ, ಅದನ್ನು ಮನೆಯವರೆಲ್ಲ ಕೊನೆಯವರೆಗೆ ಕೇಳಿರಿ.