ಯಂತ್ರದ ಸುತ್ತು ಮತ್ತು ಅದರ ಕಡಿವಾಣ

ಗಾಣಕ್ಕೆ ಕಟ್ಟಿದ ಎತ್ತು ತಾನಾಗಿ ನಿಲ್ಲದು. ಎಣ್ಣೆ ಇಳಿದುದನ್ನು ಕಂಡು ಗಾಣಿಗನೇ ನಿಲ್ಲಿಸಬೇಕು. ಗಣಕಯಂತ್ರದ ಚರಿತ್ರೆಯಲ್ಲಿಯೂ ಮೊದಮೊದಲು ಇದೇ ಸ್ಥಿತಿಯಿದ್ದಿತು. ಒಂದೇ ಕೆಲಸವನ್ನು ಸಾವಿರ ಸಲ ಮಾಡಿಸುವುದು ಸುಲಭ. ಎಷ್ಟನೆಯ ಸಲಕ್ಕೆ ಬಿಡಬೇಕೆಂಬುದನ್ನು ಯಂತ್ರಕ್ಕೇ ತಿಳಿಸಿಕೊಡುವುದು ಕಷ್ಟ.

ಈ ವಿಚಾರವನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಏಡಾ ಲವ್‌ಲೇಸ್ ಎಂಬ ಆಂಗ್ಲ ಮಹಿಳೆಯು ಅಗ್ರಗಣ್ಯಳು. ಚಾರ್ಲ್ಸ್ ಬ್ಯಾಬೇಜನು ಕಲ್ಪಿಸಿದ ವಿಶ್ಲೇಷಕ ಯಂತ್ರವನ್ನು ಕುರಿತು ೧೮೪೩ರಲ್ಲಿ ಆಕೆ ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಮರಳಿ ಮರಳಿ ಬರುವ ಕ್ರಿಯಾಸಮೂಹಕ್ಕೆ ‘ಸೈಕಲ್’, ಅಂದರೆ ಚಕ್ರ, ಎಂಬ ಹೆಸರಿದೆ. ಜಕಾರ್ಡನ ಮಗ್ಗದಿಂದ ಎರವಲು ತಂದ ರಂಧ್ರದ ಕಾರ್ಡುಗಳನ್ನು ಹಿಂದಕ್ಕೆ ಸರಿಸಿ, ಅವನ್ನೇ ಪುನಃ ಓದಿಸುವ ಉಪಾಯವೂ ಅಲ್ಲಿ ವರ್ಣಿತವಾಗಿದೆ. ಯಂತ್ರವು ಮಾತ್ರ ಬ್ಯಾಬೇಜನ ಜೀವಮಾನದಲ್ಲಿ ಪೂರ್ಣವಾಗಲಿಲ್ಲ.

೧೯೪೪ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಯಾರಂಭ ಮಾಡಿದ ‘ಮಾರ್ಕ್ ೧’ ಯಂತ್ರದ ಆಜ್ಞೆಗಳು ರಂಧ್ರ ಕೊರೆದ ಕಾಗದದ ಪಟ್ಟಿಯ ಮೇಲಿರುತ್ತಿದ್ದುವು. ಪಟ್ಟಿಯ ಎರಡು ಕೊನೆಗಳನ್ನೂ ಅಂಟಿಸಿಬಿಟ್ಟರೆ ಸುತ್ತು ಸಿದ್ಧ! ‘ಲೂಪ್’ ಎಂಬ ಮಾತು ಅಲ್ಲಿ ಅಲಂಕಾರವಲ್ಲ. ಕಣ್ಣಿಗೆ ಕಾಣುವ ಕಾಗದದ ಬಳೆಯೇ ಸರಿ.

ಆಜ್ಞೆಗಳನ್ನು ಸ್ಮೃತಿಯಲ್ಲಿಯೇ ಇಟ್ಟುಕೊಳ್ಳುವ ಯಂತ್ರಗಳು ಬಂದಮೇಲೆ ಈ ಬಳೆಯು ಅದೃಶ್ಯವಾಯಿತು. ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ‘ಎಡ್‌ಸ್ಯಾಕ್’ ಯಂತ್ರವು ೧೯೪೯ರ ಮೇ ೬ರಂದು ೦ಯಿಂದ ೯೯ರ ವರೆಗಿನ ಸಂಖ್ಯೆಗಳ ವರ್ಗಗಳನ್ನು ಮುದ್ರಿಸಿಕೊಟ್ಟಿತು. ನೂರು ಉತ್ತರಗಳಿಗೆ ನೂರು ಸಲ ಆಜ್ಞೆ ಬರೆಯಬೇಕಾಗಿರಲಿಲ್ಲ. ಸಂಚಾಯಕದಲ್ಲಿರುವ ಸಂಖ್ಯೆಯು ಋಣವಾಗಿದ್ದರೆ ಇಂಥ ಸ್ಥಾನಕ್ಕೆ ನೆಗೆ, ಇಲ್ಲವಾದರೆ ಮುಂದಿನದನ್ನು ಮಾಡು ಎಂಬ ಷರತ್ತಿನ ಆಜ್ಞೆಯೊಂದು ಅದರಲ್ಲಿದ್ದಿತು. ಎಣಿಕೆಯನ್ನು ಋಣಸಂಖ್ಯೆಯಿಂದ ತೊಡಗಿ ಸುತ್ತಿಗೊಮ್ಮೆ ಒಂದನ್ನು ಕೂಡಿಸುತ್ತ ಹೋದರೆ, ಶೂನ್ಯವು ಬಂದೊಡನೆ ಸುತ್ತು ಮುಗಿಯುತ್ತದೆ. ಗಾಣಿಗನು ಗಾಣದೊಳಗೇ ಸೇರಿಕೊಂಡನೆಂದು ವಾಚಕರು ತಿಳಿಯಬಹುದು.

ಆದರೆ ಎಲ್ಲಿಂದ ಎಲ್ಲಿಗಾದರೂ ನೆಗೆಯುವ ಸ್ವಾತಂತ್ರ್ಯವು ಹೊಸ ತೊಡಕನ್ನು ತಂದಿತು. ೧೯೫೭ರಲ್ಲಿ ಬಂದ ಫೋರ್‌ಟ್ರಾನ್ ಭಾಷೆಯು ಸುತ್ತಿಗೆಂದೇ ‘ಡೂ’ ಎಂಬ ವಾಕ್ಯವನ್ನು ಕೊಟ್ಟರೂ, ‘ಗೋ ಟು’ ಎಂಬ ನೆಗೆತದ ಆಜ್ಞೆಯು ಉಳಿದೇ ಇತ್ತು. ಬರೆದವನಿಗೇ ದಾರಿ ತಿಳಿಯದಂತಾಗುವುದನ್ನು ಕಂಡು ಡಚ್ ವಿದ್ವಾಂಸ ಎಡ್ಸ್‌ಖರ್ ಡೈಕ್‌ಸ್ಟ್ರನು ೧೯೬೮ರ ಮಾರ್ಚಿಯಲ್ಲಿ ಒಂದು ಪತ್ರವನ್ನು ಪ್ರಕಟಿಸಿ ಇದನ್ನು ಖಂಡಿಸಿದನು. ಆ ಪತ್ರದ ಪ್ರಸಿದ್ಧ ಶಿರೋನಾಮೆಯು ಅವನದಲ್ಲ, ಸಂಪಾದಕ ನಿಕ್ಲಾಸ್ ವಿರ್ತನದು. ೧೯೭೪ರಲ್ಲಿ ಡೊನಾಲ್ಡ್ ಕ್ನೂತನು, ಸುತ್ತಿನ ನಡುವಿನಿಂದ ಹೊರಬರಲು ಕೆಲವೆಡೆ ನೆಗೆತವೇ ಸರಳವೆಂದು ತೋರಿಸಿದನು. ಈ ವಿವಾದದಲ್ಲಿ ಕ್ನೂತನ ಮಾತೇ ಹೆಚ್ಚು ಸಮತೂಕದ್ದು.

ಮಧ್ಯಮಾರ್ಗವೊಂದು ಆಗಲೇ ಹುಟ್ಟಿದ್ದಿತು. ೧೯೭೦ರ ದಶಕದ ಆದಿಯಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯು ರೂಪಿಸಿದ ‘ಸಿ’ ಭಾಷೆಯಲ್ಲಿ, ಸುತ್ತನ್ನು ಮುರಿದು ಹೊರಬರಲು ‘ಬ್ರೇಕ್’, ಉಳಿದುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗಲು ‘ಕಂಟಿನ್ಯೂ’ ಎಂಬ ಎರಡು ಆಜ್ಞೆಗಳಿವೆ. ಆದರೆ ಹಲವು ಕವಲುಗಳಲ್ಲಿ ಒಂದನ್ನು ಆರಿಸುವ ‘ಸ್ವಿಚ್’ ಎಂಬ ರಚನೆಯಿಂದ ಹೊರಬರುವುದಕ್ಕೂ ‘ಬ್ರೇಕ್’ ಎಂಬ ಅದೇ ಮಾತು. ಒಂದೇ ಬೀಗದ ಕೈಗೆ ಎರಡು ಬಾಗಿಲು!

ಇದರ ಫಲವು ೧೯೯೦ರ ಜನವರಿ ೧೫ರಂದು ಅಮೆರಿಕೆಯಲ್ಲಿ ಕಂಡುಬಂದಿತು. ಎ.ಟಿ. ಅಂಡ್ ಟಿ. ಸಂಸ್ಥೆಯ ದೂರವಾಣಿ ಜಾಲದ ೧೧೪ ವಿನಿಮಯ ಯಂತ್ರಗಳಿಗೆ ಹಿಂದಿನ ತಿಂಗಳಷ್ಟೇ ಹೊಸ ಆಜ್ಞಾವಳಿಯನ್ನು ಹೂಡಿದ್ದರು. ಅದರಲ್ಲಿ ಸುತ್ತಿನೊಳಗಣ ಸ್ವಿಚ್, ಅದರೊಳಗಣ ಷರತ್ತು, ಅಲ್ಲೊಂದು ತಪ್ಪಿದ ‘ಬ್ರೇಕ್’. ಮಧ್ಯಾಹ್ನ ಒಂದು ಯಂತ್ರವು ಕೆಟ್ಟು ಚೇತರಿಸಿಕೊಂಡು ನೆರೆಯ ಯಂತ್ರಗಳಿಗೆ ಸಂದೇಶ ಕಳುಹಿಸಿತು. ಸಂದೇಶಗಳು ಒತ್ತೊತ್ತಾಗಿ ಬಂದಾಗ ಆ ‘ಬ್ರೇಕ್’ ಅಗತ್ಯವಾದ ಕೆಲಸವನ್ನು ಬಿಟ್ಟು ಹಾರಿತು. ನೆರೆಯ ಯಂತ್ರವು ಕೆಟ್ಟು, ಚೇತರಿಸಿ, ತಾನೂ ಸಂದೇಶ ಕಳುಹಿಸಿತು. ಹೀಗೆ ಇಡೀ ಜಾಲವೇ ಒಂದು ಮಹಾಸುತ್ತಿನಲ್ಲಿ ಸಿಕ್ಕಿಬಿದ್ದಿತು. ಸಂದೇಶಗಳ ಒತ್ತಡವನ್ನು ತಗ್ಗಿಸಿ ಜಾಲವನ್ನು ಸ್ಥಿಮಿತಕ್ಕೆ ತರುವಷ್ಟರಲ್ಲಿ ಸುಮಾರು ೯ ಗಂಟೆಗಳು ಕಳೆದಿದ್ದುವು.