ಹುಲ್ಲು ಕತ್ತರಿಸುವ ಇಂಜಿನ್ ಮಿಸ್ ಹೊಡೆದ ಬಗೆಗಳು

ಹುಲ್ಲುಹಾಸು ಕತ್ತರಿಸುವ ಯಂತ್ರ ಹುಟ್ಟಿದಾಗ ಅದಕ್ಕೆ ಇಂಜಿನ್ ಇರಲಿಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್, ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗು ಸವರುತ್ತಿದ್ದ ಸುರುಳಿ ಅಲಗನ್ನೇ ಹುಲ್ಲಿಗೆ ಹೊಂದಿಸಿ 1830ರಲ್ಲಿ ಪೇಟೆಂಟ್ ಪಡೆದ. ಚಿಕ್ಕದನ್ನು ಮನುಷ್ಯ ತಳ್ಳುತ್ತಿದ್ದ. ದೊಡ್ಡದನ್ನು ಅಲ್ಲಿ ಕುದುರೆ, ಭಾರತದ ಉದ್ಯಾನಗಳಲ್ಲಿ ಎತ್ತು ಎಳೆಯುತ್ತಿತ್ತು. ಅಲಗು ಮೊಂಡಾಗುವುದು ಬಿಟ್ಟರೆ ಕೆಡುವಂಥದ್ದು ಹೆಚ್ಚೇನೂ ಇರಲಿಲ್ಲ. 1902ರಲ್ಲಿ ಇಪ್ಸ್‌ವಿಚ್‌ನ ರಾನ್‌ಸಮ್ಸ್ ಕಂಪನಿ ಪೆಟ್ರೋಲ್ ಇಂಜಿನ್ ಕೂರಿಸಿದ ಮೇಲೆ ತಾಪತ್ರಯ ಶುರುವಾಯಿತು.

ಮೊದಮೊದಲು ಅನುಮಾನವೆಲ್ಲ ಕಿಡಿಯ ಮೇಲೆ. ಮ್ಯಾಗ್ನೆಟೊ ಕರೆಂಟು ಹುಟ್ಟಿಸುತ್ತಿತ್ತು, ಪಾಯಿಂಟ್ ತೆರೆದ ಕ್ಷಣ ಪ್ಲಗ್‌ನಲ್ಲಿ ಕಿಡಿ ಹಾರುತ್ತಿತ್ತು. ಪಾಯಿಂಟ್ ಸುಟ್ಟು ಕಪ್ಪಾದರೆ, ಇಲ್ಲವೆ ಕಂಡೆನ್ಸರ್ ಕೈಕೊಟ್ಟರೆ ಇಂಜಿನ್ ಮಿಸ್ ಹೊಡೆಯುತ್ತಿತ್ತು. ಸ್ಕೂಟರ್, ಲೂನಾ, ಸೀಮೆಎಣ್ಣೆ ಪಂಪ್‌ಸೆಟ್ಟುಗಳ ಕಾಲದ ಗ್ಯಾರೇಜಿನವರಿಗೆ ಇದು ಕೈವಶವಾದ ವಿದ್ಯೆ: ಎಮರಿ ಕಾಗದದಿಂದ ಪಾಯಿಂಟ್ ಉಜ್ಜಿ, ಸಂದು ಅಳೆದು ಬಿಗಿದರೆ ಮುಗಿಯಿತು. 1980ರ ದಶಕದಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಪಾಯಿಂಟ್ ಮರೆಯಾಯಿತು. 2000ದ ಫೆಬ್ರುವರಿಯಿಂದ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲೇ ಕಡ್ಡಾಯವಾದಾಗ ಪ್ಲಗ್‌ಗೆ ಸೀಸ ಮೆತ್ತುವ ಕಾಟವೂ ಹೋಯಿತು.

ಈ ನಡುವೆ ಯಂತ್ರದ ರೂಪವೇ ಬದಲಾಗಿತ್ತು. 1952ರಲ್ಲಿ ಸಿಡ್ನಿಯಲ್ಲಿ ತಯಾರಾದ ವಿಕ್ಟಾ ಯಂತ್ರ, ಕೆಳಗೆ ಗಿರಗಿರನೆ ಸುತ್ತುವ ಚಪ್ಪಟೆ ಅಲಗನ್ನು ಜನಪ್ರಿಯಗೊಳಿಸಿತು. ಇಂಥ ಯಂತ್ರಗಳಲ್ಲಿ ಅಲಗು ಸಾಮಾನ್ಯವಾಗಿ ನೇರ ಕ್ರ್ಯಾಂಕ್‌ಶಾಫ್ಟಿಗೇ ಕೂತಿರುತ್ತದೆ. ಅಂಗಳದ ಅಂಚಿಗೆ ಶಹಾಬಾದ್ ಕಲ್ಲು ಹಾಸುವ ಕಲಬುರಗಿ ಸೀಮೆಯಲ್ಲಿ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಅಲಗು ಕಲ್ಲಿಗೆ ಬಡಿದಾಗ ಶಾಫ್ಟ್ ತಟ್ಟನೆ ನಿಲ್ಲುತ್ತದೆ, ಭಾರದ ಫ್ಲೈವೀಲ್ ನಿಲ್ಲದು. ಎರಡನ್ನೂ ಹಿಡಿದಿಟ್ಟ ಪುಟ್ಟ ಕೀ ತುಂಡಾಗುತ್ತದೆ. ದುಬಾರಿ ಭಾಗ ಉಳಿಯಲೆಂದೇ ಹಲವು ಇಂಜಿನ್ನುಗಳಲ್ಲಿ ಅದನ್ನು ಮೆದು ಲೋಹದಲ್ಲಿ ಮಾಡಿರುತ್ತಾರೆ. ಪೂರ್ತಿ ತುಂಡಾದರೆ ಇಂಜಿನ್ ಹತ್ತುವುದೇ ಕಷ್ಟ. ಅರ್ಧ ತುಂಡಾದಾಗಲೇ ನಿಜವಾದ ಪೇಚಾಟ: ಕಿಡಿ ಇರುತ್ತದೆ, ಆದರೆ ಫ್ಲೈವೀಲ್ ಜರುಗಿದ್ದರಿಂದ ಹೊತ್ತು ತಪ್ಪಿ ಬರುತ್ತದೆ. ಎಳೆಯುವ ಹಗ್ಗ ಕೈಯನ್ನೇ ಜಗ್ಗುತ್ತದೆ, ಸೈಲೆನ್ಸರ್ ಪಟಾರನೆ ಸಿಡಿಯುತ್ತದೆ, ಬಲ ಇರುವುದಿಲ್ಲ. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿ ತೊಳೆದು ಹಣ ಪಡೆಯುವ ರಿಪೇರಿಗಳು ಹುಟ್ಟಿಕೊಳ್ಳುವುದು ಇಲ್ಲೇ. ಫ್ಲೈವೀಲ್ ಕಳಚಿ, ಅದರಲ್ಲೂ ಶಾಫ್ಟಿನಲ್ಲೂ ಕೀ ಕೂರುವ ತೋಡು ಎರಡೂ ಸರಿಸಾಲಿನಲ್ಲಿವೆಯೇ ಎಂದು ನೋಡಿದರೆ ದೋಷ ಕಣ್ಣಿಗೇ ಕಾಣುತ್ತದೆ.

ಕಿಡಿಯ ದೋಷ ಕಡಿಮೆಯಾದಂತೆ ಪೆಟ್ರೋಲಿನದು ಮುಂದೆ ಬಂತು. ಕಲಬುರಗಿಯ ಜಗತ್ ಬಡಾವಣೆ ಕಡೆಯ ಮನೆಯಂಗಳವಿರಲಿ, ಪಬ್ಲಿಕ್ ಗಾರ್ಡನ್ ಇರಲಿ, 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿರಲಿ, ಹುಲ್ಲು ಹುಲುಸಾಗಿ ಏಳುವುದು ಮುಂಗಾರಿನಲ್ಲಿ. ನೀರಿನ ಆಸರೆಯಿಲ್ಲದ ಕಡೆ ಬೇಸಿಗೆಗೆ ಯಂತ್ರ ಮೂಲೆ ಸೇರುತ್ತದೆ, ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಹಾರಿ, ಅಂಟು ಜೆಟ್‌ನ ಸಣ್ಣ ತೂತಿಗೆ ಕೂರುತ್ತದೆ. ಚೋಕ್ ಅರ್ಧ ಎಳೆದಾಗ ಮಾತ್ರ ಇಂಜಿನ್ ಸರಿಯಾಗಿ ಓಡಿದರೆ ಜೆಟ್ ಕಟ್ಟಿದೆ ಎಂದೇ ತಿಳಿಯಬಹುದು. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಬೇಕು. ಎರೆಮಣ್ಣಿನ ಒಣ ಧೂಳಿಗೆ ಅದು ಬೇಗ ಮುಚ್ಚುತ್ತದೆ.

ತೀರಾ ಈಚಿನ ಅಧ್ಯಾಯ ಎಥೆನಾಲಿನದು. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ 2003ರಲ್ಲಿ ಶೇ. 5ರಷ್ಟು ಬೆರೆಸಲಾರಂಭಿಸಿದ್ದು, 2022ಕ್ಕೆ ದೇಶದಲ್ಲಿ ಶೇ. 10ಕ್ಕೆ ಮುಟ್ಟಿತು, ಶೇ. 20ರ ಪೆಟ್ರೋಲ್ 2023ರಲ್ಲಿ ಬಂತು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಇಂಜಿನ್ನುಗಳ ರಬ್ಬರ್ ಪೈಪು, ವಾಷರ್‌ಗಳನ್ನು ಊದಿಸಿ ಮೆತ್ತಗಾಗಿಸಬಲ್ಲದು. ನೀರು ಮಿತಿ ಮೀರಿದರೆ ಎಥೆನಾಲಿನೊಡನೆ ತಳಕ್ಕೆ ಇಳಿಯುತ್ತದೆ, ಕಾರ್ಬ್ಯುರೇಟರ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಟ್ಯಾಂಕಿನದನ್ನು ಗಾಜಿನ ಬಾಟಲಿಗೆ ಇಳಿಸಿಟ್ಟರೆ ಎರಡು ಪದರ ಬೇರೆಬೇರೆಯಾಗಿ ಕಾಣುತ್ತವೆ. ಅದನ್ನು ಚೆಲ್ಲಿ ಹೊಸ ಪೆಟ್ರೋಲ್ ಹಾಕುವ ತನಕ ಪ್ಲಗ್ ಬದಲಿಸಿದರೂ ಜೆಟ್ ಊದಿದರೂ ಇಂಜಿನ್ ಸುಧಾರಿಸದು.